ಖಾತ್ರಿಯಾಗಿಲ್ಲ

ಪತ್ರಿಕೆಯ ಕಚೇರಿಯಲ್ಲಿ ಅವಳಿಗೆ ಬಿದ್ದ ಅಡ್ಡಹೆಸರು ಜರಡಿ. ಓದುಗರು ಫೋನಿನಲ್ಲಿ ಹಿಡಿದು ಕಳಿಸುವ ವಿಡಿಯೊಗಳೆಲ್ಲ ಮೊದಲು ಬರುವುದು ಅವಳ ಮೇಜಿಗೆ. ಎಲ್ಲಿ ತೆಗೆದದ್ದು, ಯಾವಾಗ ತೆಗೆದದ್ದು, ಹಳೆಯದನ್ನೇ ಹೊಸದೆಂದು ತಲೆಗೆ ಕಟ್ಟುತ್ತಿದ್ದಾರೋ ಹೇಗೆ ಎಂದು ಸೋಸಿ 'ಖಾತ್ರಿಯಾಗಿದೆ' ಇಲ್ಲವೇ 'ಖಾತ್ರಿಯಾಗಿಲ್ಲ' ಎಂದು ಬರೆಯುವುದು ಅವಳ ಕೆಲಸ. ಮೊದಲೆಲ್ಲ ವರದಿಗಾರರು ಸುದ್ದಿಯ ಬೆನ್ನು ಹತ್ತಿ ಓಡುತ್ತಿದ್ದರು. ಈಗ ಸುದ್ದಿಯೇ ಮನೆಬಾಗಿಲಿಗೆ ಬರುತ್ತದೆ, ಸುಳ್ಳನ್ನೂ ಕಂಕುಳಲ್ಲಿ ಎತ್ತಿಕೊಂಡು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸಂಪಾದಕರು ಅವಳನ್ನು ಛೇಡಿಸುವುದುಂಟು. ಅವಳಿಗೆ ಅದರಲ್ಲಿ ಸಣ್ಣ ಹೆಮ್ಮೆಯೂ ಇತ್ತು.

ಆ ದಿನ ಬೆಳಿಗ್ಗೆ ಬಂದದ್ದು ನಲವತ್ತು ಸೆಕೆಂಡಿನ ತುಣುಕು. ಬಟ್ಟೆ ಹೊಲಿಯುವ ಕಾರ್ಖಾನೆಯ ಮೂರನೇ ಮಹಡಿ. ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲು ಇರುವ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಜಡಿದಿದ್ದರು. ಒಂದು ಕೈ ಬಂದು ಬೀಗವನ್ನು ಎರಡು ಸಲ ಜಗ್ಗಿ ತೋರಿಸಿತು. ಹೆಬ್ಬೆರಳಿನ ಉಗುರು ಕಪ್ಪುಗಟ್ಟಿತ್ತು, ನಡುವೆ ಸೂಜಿ ಹೊಕ್ಕ ತೂತು.

ಹಿಂದಿನ ವಾರ ಆ ಬೆರಳಿಗೆ ಬಟ್ಟೆ ಕಟ್ಟಿದವಳು ಇವಳೇ. ಅದು ಆ ಕಾರ್ಖಾನೆಯಲ್ಲೇ ಹೊಲಿಗೆ ಕೆಲಸ ಮಾಡುವ ಸ್ವಂತ ತಂಗಿಯ ಕೈ.

ಅಕ್ಕನಿಗೆ ಗೊತ್ತಾದರೆ ಬೈಗುಳ ಖಂಡಿತ ಎಂದು ತಂಗಿ ಬೇರೆ ಯಾರದೋ ನಂಬರಿನಿಂದ ಕಳಿಸಿದ್ದಳು. ಜೊತೆಗೆ ಎರಡು ಸಾಲು: ದಿನಾ ಹೀಗೇ ಬೀಗ ಹಾಕುತ್ತಾರೆ, ನಾನೂರು ಜನ ಒಳಗಿರುತ್ತೇವೆ, ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಕೈಯನ್ನು ಮಸುಕು ಮಾಡಿ, ಹೆಸರು ಮುಚ್ಚಿಟ್ಟು ಹಾಕಬಹುದಿತ್ತು. ಎಷ್ಟೋ ಜನರಿಗೆ ಪತ್ರಿಕೆ ಹಾಗೆ ಮಾಡಿದೆ. ಆದರೆ ಕಳೆದ ವರ್ಷ ಅದೇ ಕಾರ್ಖಾನೆಯಲ್ಲಿ ಕುಡಿಯುವ ನೀರಿಗಾಗಿ ದನಿ ಎತ್ತಿದವನ ಕಾಲು ಮುರಿದು ರಸ್ತೆಗೆ ಬಿಸಾಕಿದ್ದರು. ಆ ಘಟನೆಯ ವಿಡಿಯೊ ಖಾತ್ರಿ ಮಾಡಿದ್ದೂ ಇವಳೇ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅರ್ಧ ಗಂಟೆ ಕೂತು, ಆರು ವರ್ಷದಲ್ಲಿ ಮೊದಲ ಸಲ ಸುಳ್ಳು ಬರೆದಳು. ಸ್ಥಳ ಸ್ಪಷ್ಟವಿಲ್ಲ, ಖಾತ್ರಿಯಾಗಿಲ್ಲ.

ಊಟದ ಹೊತ್ತಿಗೆ ತಂಗಿಯೇ ಫೋನ್ ಮಾಡಿದಳು. ಮೈ ಹುಷಾರಿಲ್ಲ ಅಂತ ರಜೆ ಹಾಕು, ನಾಲ್ಕು ದಿನ ಅಮ್ಮನ ಜೊತೆ ಇದ್ದು ಬಾ ಎಂದು ಅಕ್ಕ ಗೋಗರೆದಳು. ತಂಗಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಮ್ಮ ಗೆಳತಿಯೊಬ್ಳು ನಿಮ್ಮ ಪೇಪರಿಗೆ ಏನೋ ಕಳ್ಸಿದ್ಲಂತೆ. ಬೇಡ ಅಂದ್ರಂತೆ. ಅಲ್ಲಕ್ಕ, ಏನಿದ್ರೆ ನಂಬ್ತೀರ ನೀವು?"

ಇಲ್ಲಿ ಅಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ತಂಗಿ ಹೆದರಿ ಸುಮ್ಮನಾಗಲಿ ಎಂದು, ಯಾರ ಕೈಲೂ ಆಗದಂಥ ಪಟ್ಟಿಯನ್ನೇ ಕೊಟ್ಟಳು.

"ಮುಖ ಕಾಣ್ಬೇಕು. ಕಾರ್ಖಾನೆ ಬೋರ್ಡ್ ಕಾಣ್ಬೇಕು. ತೆಗೆದೋರು ಹೆಸರು ಹೇಳ್ಬೇಕು. ಬರೀ ಕೈ ತೋರ್ಸಿದ್ರೆ ಯಾರು ನಂಬ್ತಾರೆ?"

ತಂಗಿ, ಸರಿ ಅಕ್ಕ ಎಂದಳು. ಆ 'ಸರಿ' ಜರಡಿಗೆ ಸರಿಬರಲಿಲ್ಲ. ಮತ್ತೆ ಮತ್ತೆ ಫೋನ್ ಮಾಡಿದಳು, ತಂಗಿ ಎತ್ತಲಿಲ್ಲ. ಡಬ್ಬಿಯ ಊಟ ಹಾಗೇ ಉಳಿಯಿತು.

ಮಧ್ಯಾಹ್ನ ಮೂರೂವರೆಗೆ ಸಂಪಾದಕರು ಫೋನ್ ಹಿಡಿದುಕೊಂಡು ಅವಳ ಮೇಜಿಗೇ ಬಂದರು. ಕಾರ್ಖಾನೆಯೊಳಗಿಂದ ಒಬ್ಬಳು ನೇರಪ್ರಸಾರ ಮಾಡುತ್ತಿದ್ದಾಳೆ, ಆಗಲೇ ಎಂಬತ್ತು ಸಾವಿರ ಜನ ನೋಡುತ್ತಿದ್ದಾರೆ, ನಾವಿನ್ನೂ ಕಣ್ಣುಬಿಟ್ಟಿಲ್ಲ ಎಂದು ಗೊಣಗಿದರು. ಪರದೆಯ ಮೇಲೆ ತಂಗಿ. ಕಿಟಕಿಯಿಂದ ಕೆಳಗಿನ ಬೋರ್ಡು ತೋರಿಸಿದಳು, ಬೀಗ ತೋರಿಸಿದಳು, ಫೋನನ್ನು ತನ್ನ ಮುಖಕ್ಕೆ ತಿರುಗಿಸಿ ಹೆಸರು ಹೇಳಿದಳು. ಒಂದೊಂದಾಗಿ ಯಂತ್ರಗಳು ನಿಂತವು. ಯಾರೋ ಓಡಿಬರುವ ಸದ್ದು. ಫೋನ್ ಕೆಳಗೆ ಬಿತ್ತು, ಬರೀ ಚಾವಣಿ ಕಂಡಿತು, ಆಮೇಲೆ ಅದೂ ಇಲ್ಲ.

ಇದು ನಿಜವೋ ಸುಳ್ಳೋ ಬೇಗ ಹೇಳು, ಬೇರೆಯವರು ಹಾಕುವ ಮೊದಲೇ ಹಾಕಬೇಕು ಎಂದರು ಸಂಪಾದಕರು. ಅವಳು ತಂಗಿಯ ನಂಬರು ಒತ್ತುತ್ತಲೇ ಇದ್ದಳು. ಸ್ವಿಚ್ ಆಫ್ ಎಂದೇ ಬರುತ್ತಿತ್ತು.

"ನಿಜ ಸಾರ್."

ನೋಡಿದ ಕೂಡಲೇ ಅಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀ ಎಂದು ಅವರು ಕೇಳಿದರು.

"ನನ್ನ ತಂಗಿ ಸಾರ್. ಹೆಸರು ಹಾಕ್ಬೇಡಿ ಅಂತ ಬೆಳಿಗ್ಗೆ ನಮಗೇ ಕಳ್ಸಿದ್ಲು."