ರಶೀದಾಬಿಯ ಬೆರಳಿನ ಕಪ್ಪು

ಅಖ್ತರ್ ಬಾನು ಸೋಪು ಹಚ್ಚಿ ಉಜ್ಜಿದ್ಲು, ಹೋಗ್ಲಿಲ್ಲ. ನಿಂಬೆಹೋಳಿಂದ ತಿಕ್ಕಿದ್ಲು, ಆಗ್ಲೂ ಹೋಗ್ಲಿಲ್ಲ. ಸತ್ತು ಮಲಗಿದ್ದ ರಶೀದಾಬಿಯ ಎಡಗೈ ತೋರುಬೆರಳಿಗೆ ಓಟಿನ ಶಾಯಿ ಜಿಗಣೆ ಹಂಗೆ ಕಚ್ಚಿಕೊಂಡಿತ್ತು.

"ಬಿಡ್ರಿ ಖಾಲಾ," ಅಂದ್ಲು ಮಗಳು ಆಮ್ನಾ. ತಂಬಿಗೆಯಿಂದ ನೀರು ಹಾಕೋ ಕೆಲಸ ಅವಳದು.

"ಬಿಡೋದು ಹೆಂಗೆ? ಚರ್ಮಕ್ಕೆ ನೀರು ಮುಟ್ಟದಿದ್ರೆ ಗುಸುಲ್ ಸ್ನಾನ ಆಗಲ್ಲ. ನಿಮ್ಮಮ್ಮನ್ನ ಅರ್ಧಂಬರ್ಧ ತೊಳೆದು ಕಳಿಸ್ಲಾ?" ವಿನೋಬನಗರದ ಆ ಗಲ್ಲಿಯಾಗೆ ಸತ್ತ ಹೆಂಗಸರನ್ನೆಲ್ಲ ತೊಳೆದ ಕೈ ಅವಳದು, ಎದುರು ಮಾತು ಸಹಿಸೋಳಲ್ಲ. "ಬ್ಲೇಡ್ ತಗೊಂಡು ಬಾ, ಕೆರೆದು ತೆಗಿತೀನಿ."

ಆಮ್ನಾ ಏಳಲಿಲ್ಲ. ಅಮ್ಮನ ಬೆರಳನ್ನ ತನ್ನ ಮುಷ್ಟಿಯೊಳಗೆ ಹಿಡ್ಕೊಂಡು ಕೂತ್ಲು.

*

ಹರಿಹರದ ಮನೆ ಬಿಟ್ಟು ದಾವಣಗೆರೆಗೆ ಬಂದ ಮೇಲೆ ರಶೀದಾಬಿ ಓಟು ಹಾಕಿರ್ಲಿಲ್ಲ. ಹರಿಹರಕ್ಕೆ ಹೋದ್ರೆ, ಊರು ಬಿಟ್ಟೀರಿ, ಪಟ್ಟಿಯಿಂದ ಹೆಸರು ತೆಗೆದಾರೆ ಅನ್ನೋರು. ಇಲ್ಲಿ ಕೇಳಿದ್ರೆ, ನಿಮ್ದು ಹರಿಹರದಾಗೈತೆ ಹೋಗ್ರಿ ಅನ್ನೋರು. ಗಲ್ಲಿಯ ಅರ್ಧ ಜನದ್ದು ಇದೇ ಪಾಡು. ಸಾಬರ ಮನೆ ಹೆಸರೇ ಯಾಕ ಹೋಗ್ತಾವೆ ಅಂತ ಕೇಳಿದ್ರೆ ಯಾರೂ ಬಾಯಿ ಬಿಡ್ತಿರ್ಲಿಲ್ಲ.

ಒಂದ್ಸಲ ಬೂತಿನಾಗೆ ಕೂತಿದ್ದ ಹುಡುಗ, "ಅಜ್ಜಿ, ನಿಮ್ದು ಕ್ಯಾನ್ಸಲ್ ಆಗೈತೆ" ಅಂದ.

"ನಾನಿನ್ನೂ ಆಗಿಲ್ಲಲ್ಲಪ್ಪ."

ಸಾಲಿನಾಗೆ ನಿಂತೋರು ನಕ್ರು, ಅವಳೂ ನಕ್ಲು. ಆದ್ರೆ ಮರುದಿನ ಕೂಲಿಗೆ ಹೋದ ಮಂಡಕ್ಕಿ ಭಟ್ಟಿಯಾಗೆ ಶಾಯಿ ಇಲ್ಲದ ಎಡಗೈಯನ್ನ ಸೆರಗಿನೊಳಗೇ ಇಟ್ಕೊಂಡು, ಒಂದೇ ಕೈಯಿಂದ ಚೀಲ ತುಂಬಿದ್ಲು.

ಈ ಸಲ ಅಂಗನವಾಡಿ ಟೀಚರ್ ವಾಣಿ ಮನೆಗೇ ಬಂದು ಕೂತು ಹೆಸರು ಸೇರಿಸಿಕೊಟ್ಲು. ಓಟು ಹಾಕಿ ಬಂದ ಮುದುಕಿ ಬದನೆಕಾಯಿ ಆರಿಸೋಕೂ ಎಡಗೈಯನ್ನೇ ಮುಂದೆ ಮಾಡಿದ್ಲು. ವಾರ ಕಳೆಯೋದ್ರೊಳಗೆ ಮಲಗಿದೋಳು ಏಳಲಿಲ್ಲ.

*

"ಇದಕ್ಕೋಸ್ಕರ ಅಮ್ಮ ಎಷ್ಟು ಅಲೆದಾಳೆ ನಿಮಗೂ ಗೊತ್ತೈತಿ. ಬ್ಲೇಡ್ ಮುಟ್ಟಿಸ್ಬ್ಯಾಡ್ರಿ."

"ಮೇಲೆ ಹೋಗಿ ಅಲ್ಲೂ ತೋರಿಸ್ಬೇಕೇನು?"

ಪರದೆಯಾಚೆ ಗಂಡಸರು ಜನಾಜಾ ಹೊರೋಕೆ ಕಾಯ್ತಿದ್ರು. ಆಮ್ನಾ ಒಳಗಿಂದ್ಲೇ ಮಸೀದಿಯ ಹಿರಿಯ ಜಮಾಲ್ ಸಾಬರನ್ನ ಕೂಗಿ, ಶಾಯಿ ಹೋಗ್ಲಿಲ್ಲಂದ್ರೆ ಗುಸುಲ್ ಆಗ್ತೈತಾ ಅಂತ ಕೇಳಿದ್ಲು.

"ಮೇಣದಂಗೆ ಪದರ ಕೂತೈತೋ, ಮೆಹಂದಿ ಹಂಗೆ ಬರೀ ಬಣ್ಣವೋ?" ಅಂದ್ರು ಅವರು. "ಮುಟ್ಟಿದೋರು ಹೇಳ್ಬೇಕು."

ಅಖ್ತರ್ ಬಾನು ಹೆಬ್ಬೆರಳಿಂದ ಕಪ್ಪನ್ನ ಸವರಿದ್ಲು. ಇನ್ನೊಮ್ಮೆ ಸವರಿದ್ಲು.

"ಬರೀ ಬಣ್ಣ."

"ಹಂಗಾದ್ರೆ ನೀರು ಇಳಿತೈತಿ. ಬಿಡ್ರಿ."

ಅಖ್ತರ್ ಬಾನು ಆ ಬೆರಳಿಗೆ ಮತ್ತೆ ನೀರು ಬಿಟ್ಟು, ಮೈಗೆ ಕಫನ್ ಬಟ್ಟೆ ಸುತ್ತಿದ್ಲು.

ಗಂಡಸರು ಹೊತ್ತು ಹೋದ್ರು. ಹೆಂಗಸರು ಉಳಿದ್ರು. ಬಾಗಿಲ ಹತ್ರ ಕೂತಿದ್ದ ವಾಣಿಯ ಪಕ್ಕಕ್ಕೆ ಅಖ್ತರ್ ಬಾನು ತಂಬಿಗೆ ತೊಳೆದಿಟ್ಟು ಬಂದು ಕುಕ್ಕರುಗಾಲಿನಾಗೆ ಕೂತ್ಲು.

"ಟೀಚರಮ್ಮ, ಓಟಿನ ಪಟ್ಟಿ ಫೋನಿನಾಗೇ ಕಾಣ್ತೈತಂತಲ್ಲ. ನಂದು ಐತಾ ನೋಡ್ರಿ."

ವಾಣಿ ಹುಡುಕಿದ್ಲು. "ಸಿಗ್ತಿಲ್ಲಮ್ಮ."

"ಸರಿಯಾಗಿ ನೋಡ್ರಿ."

ಓದಕ್ಕೆ ಬರದಿದ್ರೂ ಅಖ್ತರ್ ಬಾನು ಫೋನಿನ ಮೇಲೆ ಬಗ್ಗಿ, ಜಾರಿ ಹೋಗ್ತಿದ್ದ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ತಡೀತಿದ್ಲು. ಅವಳ ಒದ್ದೆ ಕೈಯಿಂದ ಗಾಜಿನ ಮೇಲೆ ಹನಿ ಬೀಳ್ತಿತ್ತು. ವಾಣಿ ಸೆರಗಿಂದ ಒರೆಸಿ ಒರೆಸಿ ಹುಡುಕ್ತಾನೇ ಇದ್ಲು.