ಗಾಜು ಕೇಳಿಸಿದ ಮಾತು

ಚಳ್ಳಕೆರೆಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ ಸೌಂದರ್ಯ ಮೂರು ತಿಂಗಳು ಕೂತು ಒಂದು ಯಂತ್ರ ಮಾಡಿದ್ದಳು. ಕಿಟಕಿಯ ಗಾಜಿಗೆ ಹೊರಗಿನಿಂದ ಕನ್ನಡಿ ಚೂರು ಅಂಟಿಸಿ ಅದರ ಮೇಲೆ ಲೇಸರ್ ಬಿಟ್ಟರೆ, ಒಳಗಿನ ಮಾತಿಗೆ ಗಾಜು ನಡುಗಿ ಬೆಳಕೂ ನಡುಗುತ್ತಿತ್ತು. ವಾಪಸ್ ಬಂದ ಬೆಳಕು ಸೋಲಾರ್ ಸೆಲ್ ಮೇಲೆ ಬಿದ್ದು ಸ್ಪೀಕರಿನಲ್ಲಿ ಮತ್ತೆ ಮಾತಾಗುತ್ತಿತ್ತು. ಜೊತೆಗಾರ ರವಿಕಿರಣ್ ಮಾಡಿದ್ದು ಕಡಿಮೆ. ಆದರೂ ಓಂಕಾರಮೂರ್ತಿ ಮೇಷ್ಟ್ರು ವರದಿಯಲ್ಲಿ ಅವಳ ಹೆಸರನ್ನೇ ಮೊದಲು ಬರೆಸಿದ್ದು ಅವನಿಗೆ ಚುಚ್ಚುತ್ತಿತ್ತು.

ಅಪ್ಪ ಸತ್ತಿದ್ದಾನೆ ಅಂತ ಅವಳು ಕಾಲೇಜಿಗೆಲ್ಲ ಹೇಳಿದ್ದಳು. ಅವನು ಮನೆ ಬಿಟ್ಟು ಇನ್ನೊಬ್ಬಳ ಜೊತೆ ಇದ್ದಾನೆ ಅನ್ನೋ ನಿಜ ಗೊತ್ತಿದ್ದದ್ದು ರವಿಕಿರಣನಿಗೊಬ್ಬನಿಗೇ.

ಪ್ರದರ್ಶನದ ದಿನ ಇಬ್ಬರೂ ಲ್ಯಾಬಿನೊಳಗೆ ಬಾಗಿಲು ಹಾಕಿಕೊಂಡರು. ಹೊರಗೆ ಸ್ಪೀಕರಿನ ಮುಂದೆ ಪ್ರಿನ್ಸಿಪಾಲರು, ಮೇಷ್ಟ್ರು, ಎಂಬತ್ತು ವಿದ್ಯಾರ್ಥಿಗಳು. ಸೌಂದರ್ಯ ಪಾಠದ ಒಂದು ಪುಟ ಓದಿ ಮುಗಿಸಿದಳು. ರವಿಕಿರಣ್ ಫೋನ್ ನೋಡಿ, "ಹೊರಗೆ ಸ್ಪೀಕರಿನ ಬ್ಯಾಟ್ರಿ ಹೋಗೈತಂತೆ. ಹತ್ ನಿಮಿಷ ಬೇಕಂತೆ" ಅಂದ. ಸುಳ್ಳು.

ಆಮೇಲೆ ಮೆಲ್ಲಗೆ ಕೇಳಿದ. "ನಿಮ್ಮಪ್ಪನ್ನ ಹೋಗಿ ನೋಡಿದ್ರಾ?"

"ಅವ್ವನೂ ನಾನೂ ಹೋಗಿ ನೋಡಿದ್ವಿ. ಮೊಳಕಾಲ್ಮುರಿನಾಗೆ ಮಗ್ಗದ ಮನೆ. ಆ ಹೆಂಗಸು ಯಾರಿವರು ಅಂದ್ಲು. ಸೀರೆ ತಗಳಾಕೆ ಬಂದೋರು ಅಂದ್ಬಿಟ್ಟ ಅಪ್ಪ. ಅವ್ವ ಹೂಂ ಅಂತ ಸೀರೆ ನೋಡಿದ್ಲು ಕಣೋ. ಅಂಚು ಚೆನ್ನಾಗೈತೆ ಅಂದ್ಲು."

ಹೊರಗೆ ಸ್ಪೀಕರಿನ ಮುಂದೆ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಸ್ವಿಚ್ಚಿಗೆ ಕೈ ಚಾಚಿದರು.

"ಇರ್ರಿ," ಪ್ರಿನ್ಸಿಪಾಲರು ತಡೆದರು. "ಒಂದಕ್ಷರಾನೂ ತಪ್ತಿಲ್ವಲ್ರಿ!"

ಮೇಷ್ಟ್ರು ಕೈ ಹಿಂದಕ್ಕೆ ತಗೊಂಡರು.

ಬಾಗಿಲು ತೆಗೆದು ಬಂದ ಸೌಂದರ್ಯ, "ಬ್ಯಾಟ್ರಿ ಹಾಕಿದ್ರಾ?" ಅಂದಳು. "ಸೀರೆ ಎಷ್ಟಂತೆ?" ಅಂತ ಹಿಂದಿನಿಂದ ಒಬ್ಬ ಕೂಗಿದ. ಅವಳು ರವಿಕಿರಣ್ ಕಡೆ ತಿರುಗಿದಳು. ಅವನು ವೈರು ಸುತ್ತುತ್ತಾ, "ಯಂತ್ರ ಕೆಲಸ ಮಾಡ್ತು ತಾನೆ?" ಅಂದ.

ಮೊದಲ ಬಹುಮಾನ ಆ ಯಂತ್ರಕ್ಕೇ ಬಂತು. ಅವಳು ವೇದಿಕೆ ಹತ್ತಲಿಲ್ಲ. ಅವನೊಬ್ಬನೇ ತಗೊಂಡ.

ಕೇಳಿದವರಲ್ಲಿ ಮೊಳಕಾಲ್ಮುರಿನವರೂ ಇದ್ದರು. ನಾಲ್ಕನೇ ದಿನ ತಮ್ಮೂರು ನನ್ನಿವಾಳದ ಮನೆಯಲ್ಲಿ ಸೌಂದರ್ಯಳ ಫೋನಿಗೆ ಅಪ್ಪನ ಕರೆ ಬಂತು, ಆರು ವರ್ಷದಲ್ಲಿ ಮೊದಲ ಸಲ.

"ಅಪ್ಪಾ" ಅಂದಳು.

"ನಾಕು ಜನದ ಮುಂದೆ ನನ್ನ ಮಾನ ಕಳೆದ್ಯಲ್ಲೇ! ಸತ್ತಿದ್ದಾನೆ ಅಂತಿದ್ದೆಯಂತಲ್ಲ, ಹಂಗೇ ಅನ್ನಾಕೇನಾಗಿತ್ತು?" ಅಂದು ಕಟ್ ಮಾಡಿದ.

ಒಲೆ ಮುಂದಿನಿಂದ ಎದ್ದು ಬಂದ ಅವ್ವ ಸೂರಮ್ಮ, "ಅವ್ರಾ? ಕೊಡೇ ಇಲ್ಲಿ" ಅಂತ ಫೋನ್ ಕಸಿದು ಕಿವಿಗಿಟ್ಟುಕೊಂಡಳು. ಕಟ್ಟಾಗಿದ್ದು ಅವಳಿಗೆ ಗೊತ್ತಾಗಲಿಲ್ಲ. ಸೌಂದರ್ಯ ಹೇಳಲೂ ಇಲ್ಲ.

"ಊಟ ಆಯ್ತೇನ್ರಿ?" ಅಂತ ಕೇಳಿದಳು ಅವ್ವ.