ನೆಕ್ ಮಾತ್ರ ಮಾರಾಟಕ್ಕೆ

ಮಂಗಳವಾರ ಸಂಜೆ ಟೀ ಬಿಡುವಿನಲ್ಲಿ ಪ್ರೆಸ್ಸಿನ ಹಿಂಬಾಗಿಲ ಹತ್ತಿರ ಕೂತು ಫೋನ್ ತೆಗೆದೆ. ನಮ್ಮ ಬೇಸ್ ಗಿಟಾರಿನವರ ಗ್ರೂಪಿನಲ್ಲಿ ಒಂದು ಫೋಟೋ ಬಿದ್ದಿತ್ತು. ಹೂವಿನ ಬೆಡ್‌ಶೀಟಿನ ಮೇಲೆ ಒಂದು ನೆಕ್, ಅಂದರೆ ಗಿಟಾರಿನಲ್ಲಿ ಎಡಗೈ ಓಡಾಡುತ್ತದಲ್ಲ, ಆ ಉದ್ದನೆಯ ಮರ. ಕೆಳಗೆ ಬರೆದಿತ್ತು: 'ನೆಕ್ ಮಾತ್ರ ಮಾರಾಟಕ್ಕೆ. ಹಿಂಭಾಗ ಹೆರೆದು ತೆಳ್ಳಗೆ ಮಾಡಿದೆ. ಸಣ್ಣ ಕೈಯವರಿಗೆ ಆಗಬಹುದು.'

ಕೈಯಲ್ಲಿದ್ದ ಟೀ ಪ್ಯಾಂಟಿನ ಮೇಲೆ ಚೆಲ್ಲಿತು. ಅದು ನನ್ನ ನೆಕ್. ಹಿಂಭಾಗದಲ್ಲಿ ಬಣ್ಣ ಹೋಗಿ ಬಿಳಿ ಮರ ಕಾಣುವ ಆ ಪಟ್ಟಿಯನ್ನು ನಾನು ಕಣ್ಣು ಮುಚ್ಚಿಕೊಂಡು ಗುರುತು ಹಿಡಿಯುತ್ತೇನೆ. ಹಾಕಿದವನು ಯಾರು? ಐದು ತಂತಿ. ಎಲ್ಲರೂ ನಾಲ್ಕು ತಂತಿಯ ಬೇಸ್ ನುಡಿಸಿದರೆ ಈ ಮಹಾಶಯನಿಗೆ ಐದು ಬೇಕು, ಅದಕ್ಕೇ ಆ ಹೆಸರು. ಹದಿನಾಲ್ಕು ತಿಂಗಳ ಹಿಂದೆ ನನ್ನ ಗಿಟಾರನ್ನು ಅವನಿಗೇ ಮಾರಿದ್ದೆ. ಇಡೀ ಗಿಟಾರು! ಈ ಕಟುಕ ಅದನ್ನು ಬಿಚ್ಚಿ ಕೈ ಕಾಲು ಬೇರೆ ಮಾಡಿ ಮಾರುತ್ತಿದ್ದಾನೆ. ಮೈಯೆಲ್ಲ ಉರಿದುಹೋಯಿತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಹೆಂಡತಿ ಹೇಳುತ್ತಾಳೆ. ಇರಲಿ ಬಿಡಿ, ನನ್ನ ಮೂಗು ತಾನೆ. ಆದರೆ ಈ ಸಲದ ಸಿಟ್ಟಿಗೆ ಕಾರಣ ಇತ್ತು, ಕೇಳಿ.

ಎರಡು ವರ್ಷದ ಹಿಂದೆ ಕಾಗದ ಮಡಿಸುವ ಮಿಷನ್ನಿನ ರೋಲರಿಗೆ ನನ್ನ ಎಡಗೈ ಸಿಕ್ಕಿಕೊಂಡಿತು. ಉಂಗುರದ ಬೆರಳು, ಕಿರುಬೆರಳು ಎರಡೂ ಉಳಿದವು, ಆದರೆ ಬಗ್ಗುತ್ತಿರಲಿಲ್ಲ. ಬೇಸ್ ನುಡಿಸುವವನಿಗೆ ಅವೆರಡು ಇಲ್ಲದಿದ್ದರೆ ಅರ್ಧ ಕೈ ಇಲ್ಲದ ಹಾಗೇ. ಆಗ ನನ್ನ ಭಾಮೈದ, ಹೆಂಡತಿಯ ತಮ್ಮ, ಬಾಗಿಲು ಬೀರು ಮಾಡುವ ಬಡಗಿ, ಗಿಟಾರು ಅಂದರೆ ಏನು ಅಂತಲೇ ಗೊತ್ತಿಲ್ಲದವನು, ಪ್ರತಿ ಸಂಜೆ ಬಂದು ನನ್ನ ಕೈಯನ್ನು ನೆಕ್ಕಿನ ಸುತ್ತ ಹಿಡಿಸಿ ನೋಡುತ್ತಿದ್ದ. ಹೆರೆಯುತ್ತಿದ್ದ. ಮತ್ತೆ ಹಿಡಿಸುತ್ತಿದ್ದ. ಒಂದು ತಿಂಗಳು ಹೀಗೇ ನಡೆಯಿತು. ಕೊನೆಗೆ ನೆಕ್ ತೆಳ್ಳಗಾಯಿತು, ಆದರೂ ನನ್ನ ಬೆರಳು ತಂತಿ ಮುಟ್ಟಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಮಾರಿಬಿಟ್ಟೆ.

ಆಮೇಲೆ ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮವನ್ನು ಹೆಂಡತಿ ಬಿಡದೆ ಮಾಡಿಸಿದಳು. ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೆರಳು ಅಷ್ಟಿಷ್ಟು ಬಗ್ಗತೊಡಗಿದವು. ಇಪ್ಪತ್ತೆರಡು ವರ್ಷ ಜೊತೆಯಲ್ಲಿ ನುಡಿಸಿದ ನಮ್ಮ ನಾಲ್ವರ ತಂಡದ ಡ್ರಮ್ಮಿನವನು ಹೋದ ವಾರ ಫೋನ್ ಮಾಡಿದ. "ಭಾನುವಾರ ಬಾ, ಒಂದು ಸಲ ಕೂತು ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಕೊಳ್ತೀವಿ, ಬೇಜಾರು ಮಾಡ್ಕೋಬೇಡ." ಗ್ರೂಪಿನ ಮೂರು ಜನರ ಗಿಟಾರು ಹಿಡಿದು ನೋಡಿದೆ. ಎಲ್ಲವೂ ದಪ್ಪ. ಕಿರುಬೆರಳು ಒಂದು ಅಂಗುಲ ಈಚೆಗೇ ನಿಂತುಬಿಡುತ್ತಿತ್ತು. ನನಗೆ ಬೇಕಾದ ನೆಕ್ ಲೋಕದಲ್ಲಿ ಒಂದೇ ಒಂದು, ಅದು ಈಗ ಹೂವಿನ ಬೆಡ್‌ಶೀಟಿನ ಮೇಲೆ ಮಲಗಿತ್ತು.

ಅದೂ ಅಲ್ಲದೆ ನಮ್ಮಲ್ಲಿ ಒಂದು ಕಟ್ಟು ಇದೆ, 'ವಾಪಸ್ ಮಾತು' ಅಂತ. ಮಾರುವವನು ಗಿಟಾರು ಕೈಗೆ ಕೊಡುವಾಗ 'ವಾಪಸ್ ಮಾತು' ಅನ್ನುತ್ತಾನೆ, ತಗೊಳ್ಳುವವನು 'ಮಾತು' ಅನ್ನುತ್ತಾನೆ. ಆಮೇಲೆ ಯಾವತ್ತು ಅದನ್ನು ಮಾರುವುದಿದ್ದರೂ ಮೊದಲು ಹಳೆಯವನಿಗೆ ಹೇಳಬೇಕು. ಮೂರನೇ ಕೈಗೆ ಹೋಗಿದ್ದರೂ ಮಾತು ಉಳಿಯುತ್ತದೆ, ವಾಪಸ್ ಕೊಡಲೇಬೇಕು. ಕಾಗದ ಇಲ್ಲ, ಸಹಿ ಇಲ್ಲ. ನಮ್ಮ ಗ್ರೂಪಿನಲ್ಲಿ ಒಬ್ಬ ಒಂಬತ್ತು ವರ್ಷದ ಮೇಲೆ ಹೀಗೆ ತನ್ನ ಗಿಟಾರು ವಾಪಸ್ ಪಡೆದಿದ್ದಾನೆ. ಈ ಐದು ತಂತಿಗೆ ಮಾತಿನ ಬೆಲೆಯೇ ಇಲ್ಲವೆ?

ಮೇಸ್ತ್ರಿಗೆ ಹೊಟ್ಟೆನೋವು ಅಂತ ಹೇಳಿ ಪ್ರೆಸ್ಸಿನಿಂದ ಹೊರಬಿದ್ದೆ. ಹೊಟ್ಟೆ ಉರಿಯುತ್ತಿದ್ದದ್ದಂತೂ ಸುಳ್ಳಲ್ಲ.

ಐದು ತಂತಿಯದು ಕನ್ನಡಕದ ಅಂಗಡಿ. ನಾನು ನುಗ್ಗಿದಾಗ ಅವನು ಒಬ್ಬ ಅಜ್ಜಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿದ್ದ.

"ಏನಯ್ಯಾ, ನಾಚಿಕೆ ಆಗಲ್ವಾ ನಿಂಗೆ?" ಅಂದೆ.

"ಬನ್ನಿ, ಕೂತ್ಕೊಳ್ಳಿ," ಅಂದ. ಅವನು ಯಾವಾಗಲೂ ಹೀಗೇ, ಮೆತ್ತಗೆ. ಮೆತ್ತಗಿರುವವರನ್ನು ಕಂಡರೆ ನನಗೆ ಇನ್ನಷ್ಟು ರೇಗುತ್ತದೆ.

"ಕೂರೋಕೆ ಬಂದಿಲ್ಲ. ನನ್ನ ಗಿಟಾರ್ ಎಲ್ಲಿ?"

ಅವನು ಫ್ರೇಮು ಕೆಳಗಿಟ್ಟ. "ಬಿಚ್ಚಿದೆ. ತಂತಿ ಕೆಳಗೆ ಸದ್ದು ಹಿಡಿಯೋ ಪಿಕಪ್ಪು ಹೋದ ತಿಂಗಳೇ ಹೋಯ್ತು. ಬಾಡಿ ಶನಿವಾರ ಹೋಯ್ತು. ನೆಕ್ಕು ಈಗ ಮಧ್ಯಾಹ್ನ ಒಬ್ಬರು ಡ್ರಾಯಿಂಗ್ ಟೀಚರು ಬಂದು ತಗೊಂಡು ಹೋದ್ರು. ಅವರ ಕೈ ಸಣ್ಣದಂತೆ."

"ವಾಪಸ್ ಮಾತು ಆಡಿದ್ನಲ್ಲಯ್ಯಾ ನಾನು! ತಿಂದು ಕೂತ್ಯಾ ಅದನ್ನ?"

ಐದು ತಂತಿ ನನ್ನ ಮುಖವನ್ನೇ ನೋಡಿದ. "ನೀವು ಆಡ್ಲಿಲ್ಲವಲ್ಲ."

"ಆಡಿದೆ!"

"ಇಲ್ಲ."

"ನನ್ನ ಕಿವಿ ಮೇಲೆ ಹೂವಿಡ್ತೀಯಾ? ಇಪ್ಪತ್ತು ವರ್ಷ ನುಡಿಸಿದ ಗಿಟಾರು ಕಣಯ್ಯಾ, ಮಾತು ಆಡದೆ ಕೊಡ್ತೀನಾ ನಾನು?" ಅಂತ ಗಾಜಿನ ಕಪಾಟು ಗುದ್ದಿದೆ. ಒಳಗಿದ್ದ ಕನ್ನಡಕಗಳೆಲ್ಲ ಗಡಗಡ ಅಂದವು. ಅಜ್ಜಿ, "ಮೆಲ್ಲಗಪ್ಪಾ, ಇನ್ನೂ ನಂದು ಆರಿಸಿಲ್ಲ," ಅಂದಳು.

ಐದು ತಂತಿ ಆ ಟೀಚರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ವಿಷಯ ಹೇಳಿದ. ಆಕೆ, "ಸರ್, ಮೂರು ವರ್ಷದಿಂದ ಹುಡುಕ್ತಿದ್ದೆ. ಇದೊಂದೇ ನೆಕ್ ಹಿಡಿದಾಗ ನನ್ನ ಕೈ ನೋಯಲಿಲ್ಲ," ಅಂದರು. "ಆದ್ರೆ ಗ್ರೂಪಿನ ಕಟ್ಟು ನನಗೂ ಗೊತ್ತು. ನೀವು ವಾಪಸ್ ಮಾತು ಆಡಿದ್ದು ನಿಜ ಆದ್ರೆ ಈಗಲೇ ಬಂದು ತಗೊಂಡು ಹೋಗಿ. ಆಡಿದ್ರಾ?"

"ಆಡಿದೆ," ಅಂದೆ. ನಂಬಿಯೇ ಅಂದೆ. ಸುಳ್ಳು ಹೇಳುವ ಜಾತಿಯವನಲ್ಲ ನಾನು. "ಬೇಕಾದ್ರೆ ನನ್ನ ಹೆಂಡತೀನ ಕೇಳಿ. ಅವತ್ತು ಪಕ್ಕದಲ್ಲೇ ನಿಂತಿದ್ಲು."

ನನ್ನ ಫೋನಿನಿಂದ ಹೆಂಡತಿಗೆ ಹಚ್ಚಿದೆ. ಎರಡು ಫೋನನ್ನೂ ಕಪಾಟಿನ ಮೇಲೆ ಅಕ್ಕಪಕ್ಕ ಇಟ್ಟೆವು.

"ಗಿಟಾರು ಕೊಟ್ಟ ದಿನ ನಾನು ವಾಪಸ್ ಮಾತು ಆಡಿದೆ ಅಲ್ವೇನೇ? ಹೂಂ ಅನ್ನು."

"ಯಾಕೆ ಈಗ?"

"ಹೂಂ ಅನ್ನೇ ಮೊದಲು!"

ಅವಳು ಹೂಂ ಅನ್ನಲಿಲ್ಲ. "ಇಲ್ಲಾರೀ," ಅಂದಳು. "ನೀವು ಆ ಮಾತು ಆಡ್ಲೇ ಇಲ್ಲ. ಅದನ್ನ ಆ ಕನ್ನಡಕದಂಗಡಿಯವರ ಕೈಗೆ ತುರುಕಿ, 'ಹಾಳು ಮಾಡಿದ್ದು ಸಾಕು, ಇನ್ನು ನನ್ನ ಕಣ್ಣಿಗೆ ಬೀಳಬಾರದು' ಅಂತ ಕಿರುಚಿದ್ರಿ. ಬೀದಿಗೇ ಕೇಳಿಸ್ತು."

ನನಗೆ ಆ ಮಾತು ನೆನಪಾಯಿತು. ಗಂಟಲು ಹರಿಯುವ ಹಾಗೆ ಕೂಗಿದ್ದು ನೆನಪಾಯಿತು.

"ಅದಕ್ಕೇ ಬಿಚ್ಚಿದ್ದು," ಅಂದ ಐದು ತಂತಿ. "ಮನೆ ಬದಲಾಯಿಸ್ತಿದೀನಿ, ಜಾಗ ಇಲ್ಲ. ಇಡೀ ಗಿಟಾರು ಗ್ರೂಪಿಗೆ ಹಾಕಿದ್ರೆ ನೀವು ನೋಡ್ತೀರಿ. ಕಣ್ಣಿಗೆ ಬೀಳಬಾರದು ಅಂದಿದ್ರಲ್ಲ. ಬಿಡಿಬಿಡಿಯಾಗಿ ಮಾರಿದ್ರೆ ಗೊತ್ತಾಗಲ್ಲ ಅಂದ್ಕೊಂಡೆ. ಒಳ್ಳೇ ಗಿಟಾರು, ಬಿಚ್ಚೋಕೆ ನನಗೂ ಮನಸ್ಸಿರಲಿಲ್ಲ."

ಎಂಥ ಕರ್ಮ ನೋಡಿ. ನನ್ನ ಮೇಲೆ ಕನಿಕರಪಟ್ಟು ನನ್ನ ಗಿಟಾರನ್ನು ತುಂಡು ಮಾಡಿದ್ದಾನೆ! ಅವನ ಒಳ್ಳೆತನದ ಮೇಲೂ ನನಗೆ ಸಿಟ್ಟು ಬಂತು.

"ಹಾಗಾದ್ರೆ ನಾನು ಕೊಡಲ್ಲ ಸರ್," ಅಂದರು ಟೀಚರು. "ಕ್ಷಮಿಸಿ." ಫೋನ್ ಇಟ್ಟರು. ಅವರದು ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ?

ಹೆಂಡತಿ ಇನ್ನೂ ಫೋನಿನಲ್ಲೇ ಇದ್ದಳು. "ಇನ್ನೊಂದು ಮಾತು ಕೇಳಿ," ಅಂದಳು. ಅವಳ ದನಿಯೂ ಬಿಸಿಯಾಗಿತ್ತು. "ಕಣ್ಣಿಗೆ ಬೀಳಬಾರದು ಅಂದ್ರಿ. ಏನು ಬೀಳಬಾರದು, ಯಾರು ಬೀಳಬಾರದು ಅಂತ ಹೇಳಿದ್ರಾ? ಅವರು ಗಿಟಾರು ಅಂದ್ಕೊಂಡ್ರು. ನನ್ನ ತಮ್ಮನೂ ಅಲ್ಲೇ ಇದ್ದ, ಕೈಯಲ್ಲಿ ಉಳಿ ಹಿಡ್ಕೊಂಡು. ಹಾಳು ಮಾಡಿದ್ದು ಸಾಕು ಅಂದ್ರೆ ಅವನು ಏನು ತಿಳ್ಕೋಬೇಕು? ತನಗೇ ಹೇಳಿದ್ದು ಅಂದ್ಕೊಂಡ."

"ಅವನು ಬರದೆ ಹೋಗಿದ್ದು…"

"ಮತ್ತೆ ಇನ್ಯಾಕೆ?"

ನನಗೆ ಗೊತ್ತಿದ್ದ ಮಟ್ಟಿಗೆ ಹದಿನಾಲ್ಕು ತಿಂಗಳಿಂದ ಭಾಮೈದ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಕೈ ಹೋದ ಭಾವನಿಂದ ಇನ್ನೇನಾಗಬೇಕು ಅಂತ ದೂರ ಆದ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಆ ಸಿಟ್ಟೂ ಇತ್ತು ನನಗೆ, ಬೇರೆ ಗಂಟು ಕಟ್ಟಿ ಇಟ್ಟುಕೊಂಡಿದ್ದೆ.

"ನೀನಾದ್ರೂ ಹೇಳ್ಬಾರದಿತ್ತೇನೇ?"

"ಬಾಯಿ ತೆಗೆದಾಗಲೆಲ್ಲ ಅವನ ಸುದ್ದಿ ಎತ್ತಬೇಡ ಅಂತ ಮೇಲೆ ಬೀಳ್ತಿದ್ರಿ. ಎಷ್ಟು ಸಲ ಬೈಸ್ಕೊಳ್ಳಲಿ? ನೀವು ಪ್ರೆಸ್ಸಿಗೆ ಹೋದ ಮೇಲೆ ಬಂದು ನನ್ನ ನೋಡ್ಕೊಂಡು, ನೀವು ಬರೋ ಹೊತ್ತಿಗೆ ಮುಂಚೆ ಹೋಗ್ತಾನೆ. ನಿಮ್ಮ ಬೆರಳು ಎಷ್ಟು ಬಗ್ಗುತ್ತೆ ಅಂತ ಪ್ರತಿ ಸಲ ಕೇಳ್ತಾನೆ." ಇಷ್ಟು ಹೇಳಿ ಅವಳೂ ಫೋನ್ ಇಟ್ಟಳು.

ಅಜ್ಜಿ ಹಾಕಿಕೊಂಡ ಹೊಸ ಕನ್ನಡಕದಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದರಲ್ಲಿ ಚೆನ್ನಾಗಿ ಕಾಣುತ್ತೆ, ಇದನ್ನೇ ಕೊಡಪ್ಪ," ಅಂದಳು.

ಭಾಮೈದನ ಕಾರ್ಖಾನೆಗೆ ನಡೆದೇ ಹೋದೆ. ದಾರಿಯುದ್ದಕ್ಕೂ ಬೈದುಕೊಂಡೆ. ಐದು ತಂತಿಗೆ ಬೈದೆ, ರೋಲರಿಗೆ ಬೈದೆ, ಭಾನುವಾರಕ್ಕೆ ಬೈದೆ. ಅರ್ಧ ದಾರಿ ಹೋಗುವಷ್ಟರಲ್ಲಿ ಬೈಯೋಕೆ ನಾನೊಬ್ಬನೇ ಉಳಿದಿದ್ದೆ.

ಬಾಗಿಲಲ್ಲಿ ಮರದ ಪುಡಿ ಪಾದ ಮುಳುಗುವಷ್ಟಿತ್ತು. ಅವನು ಒಂದು ಹಲಗೆಗೆ ಮರಳು ಕಾಗದ ಉಜ್ಜುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ನೋಡಿದವನೇ ಅರ್ಧ ಮಾಡಿ ನಿಲ್ಲಿಸಿದ್ದ ಬೀರುವಿನ ಹಿಂದಕ್ಕೆ ಸರಿದುಬಿಟ್ಟ. ನಲವತ್ತು ದಾಟಿದ ಗಂಡಸು, ಎರಡು ಮಕ್ಕಳ ತಂದೆ, ನಾನು ಕಣ್ಣಿಗೆ ಬೀಳಬಾರದು ಅಂದೆ ಅಂತ ಬೀರುವಿನ ಹಿಂದೆ ನಿಂತಿದ್ದ.

"ಏಯ್, ಹೊರಗೆ ಬಾರೋ!" ಅಂತ ಕೂಗಿದೆ. ನನಗೆ ಬೇರೆ ರೀತಿ ಮಾತಾಡಲು ಬರಬೇಕಲ್ಲ. "ಹದಿನಾಲ್ಕು ತಿಂಗಳು! ಬಂದು ನನ್ನ ಕೆನ್ನೆಗೆ ಎರಡು ಬಿಗಿಯೋದು ತಾನೆ?"

ಬೀರುವಿನ ಹಿಂದಿನಿಂದ ದನಿ ಬಂತು. "ಕಣ್ಣಿಗೆ ಬೀಳದೆ ಕೆನ್ನೆಗೆ ಹೊಡೆಯೋದು ಹೇಗೆ ಭಾವ?"

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು, ಗಿಟಾರಿಗೆ ಹೇಳಿದ್ದು ಕಣೋ ಅದು, ನಿನಗಲ್ಲ, ಅಂದೆ. ಹೇಳಿದ ಮೇಲೆ ಅದು ಪೂರ್ತಿ ನಿಜವಲ್ಲ ಅನ್ನಿಸಿತು. ಅವತ್ತಿನ ಸಿಟ್ಟಿನಲ್ಲಿ ಅವನ ಉಳಿಯೂ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. "ನಿನಗೂ ಹೇಳಿರಬಹುದು," ಅಂದೆ. "ತಪ್ಪಾಯ್ತು."

ಅವನು ನಿಧಾನವಾಗಿ ಈಚೆ ಬಂದ. ನನ್ನ ಎಡಗೈ ತಗೊಂಡ. ಒಂದೊಂದೇ ಬೆರಳು ಬಗ್ಗಿಸಿ ನೋಡಿದ, ಕಿರುಬೆರಳನ್ನು ಎರಡು ಸಲ. ನೆಕ್ ಕೈತಪ್ಪಿದ ಕಥೆ ಹೇಳಿದೆ.

"ಹೋದ್ರೆ ಹೋಗ್ಲಿ ಭಾವ. ಅದು ಆಗಿನ ಕೈಗೆ ಹೆರೆದಿದ್ದು. ಈಗ ಈ ಬೆರಳು ಇಲ್ಲೀವರೆಗೂ ಬರುತ್ತೆ, ಅದು ಇನ್ನು ನಿಮಗೆ ತೀರಾ ತೆಳ್ಳಗಾಗ್ತಿತ್ತು, ಜಾರ್ತಿತ್ತು. ಬೇರೆ ಒಂದು ಹಳೇ ನೆಕ್ಕು ತನ್ನಿ, ಹೆರೆದುಕೊಡ್ತೀನಿ."

"ಭಾನುವಾರದೊಳಗೆ?"

"ಒಂದೂವರೆ ತಿಂಗಳು ಬೇಕು. ಅವಸರ ಮಾಡಿದ್ರೆ ಕೆಡುತ್ತೆ."

ಡ್ರಮ್ಮಿನವನಿಗೆ ಅಲ್ಲಿಂದಲೇ ಫೋನ್ ಮಾಡಿ, ನನಗಾಗಿ ಕಾಯಬೇಡಿ, ಬೇರೆಯವರನ್ನು ಹಾಕಿಕೊಳ್ಳಿ ಅಂದೆ. ಆಯಿತಪ್ಪ ಅಂದ, ಇನ್ನೊಂದು ಮಾತೂ ಆಡದೆ ಇಟ್ಟ. ಇಪ್ಪತ್ತೆರಡು ವರ್ಷ ಅರ್ಧ ನಿಮಿಷದಲ್ಲಿ ಮುಗಿಯಿತು. ಸಂಕಟ ಆಯಿತು, ಆಗಲಿಲ್ಲ ಅಂತ ಹೇಳಲಾರೆ. ತಪ್ಪನ್ನು ಯಾರ ಮೇಲೂ ಹಾಕುವಂತಿಲ್ಲ ಅನ್ನೋದೇ ದೊಡ್ಡ ಸಂಕಟ.

ಭಾಮೈದ ಮತ್ತೆ ಹಲಗೆ ಉಜ್ಜತೊಡಗಿದ್ದ. ಹೊರಡುವಾಗ ಬಾಗಿಲಲ್ಲಿ ನಿಂತು, "ಭಾನುವಾರ ಊಟಕ್ಕೆ ಮನೆಗೆ ಬರಬೇಕು," ಅಂದೆ.

ಅವನ ಕೈ ನಿಂತಿತು. ತಲೆ ಮಾತ್ರ ಎತ್ತಲಿಲ್ಲ.

"ಯಾರು, ಭಾವ?" ಅಂದ.

"ನೀನು ಕಣೋ!" ಅಂತ ಬೀದಿಗೇ ಕೇಳಿಸುವ ಹಾಗೆ ಕಿರುಚಿದೆ. "ನೀನು!"